ಸಂಘದ ಲೆಕ್ಕಕ್ಕೆ ಬ್ಲಾಕ್‌ಚೈನಿನ ಮುದ್ರೆ

(ರೈತ ಉತ್ಪಾದಕರ ಸಂಘ ಮತ್ತು ಯುವಕ ಮಂಡಲದ ಜಂಟಿ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗ್ರಾಮಸೇವಕನು ಮಾತಿಗೆ ನಿಂತನೆಂದರೆ ಬೀಜೋಪಚಾರವೋ ಕಾಂಪೋಸ್ಟ್ ಗುಂಡಿಯೋ ಇರಬೇಕೆಂದು ತಾವು ಎಣಿಸುವುದು ಸಹಜ. ನಾನು ಕಲಿತದ್ದೂ ಕೃಷಿ ಡಿಪ್ಲೊಮಾದ ವಿದ್ಯೆಯೇ. ಆದರೆ ಈ ಸಲ ಅಧ್ಯಕ್ಷರು ನನಗೆ ಒಪ್ಪಿಸಿದ ವಿಷಯ ಬೇರೆ. ಸಂಘದ ತೂಕದ ದಿನವಹಿಯನ್ನು ಯಾರೂ ಹಿಂದಿನಿಂದ ತಿದ್ದದ ಹಾಗೆ ಮಾಡಲು ಬ್ಲಾಕ್‌ಚೈನು ಉಪಯೋಗಕ್ಕೆ ಬಂದೀತೇ, ಬರುವುದಾದರೆ ಅದರಲ್ಲಿ ನಮ್ಮದೇ ಒಕ್ಕಣೆಯ ಚೀಟಿಯನ್ನು ಕಳಿಸುವುದು ಹೇಗೆ, ಮತ್ತೆ ತೆಗೆದು ಓದುವುದು ಹೇಗೆ ಎಂದು ತಿಳಿಸಬೇಕೆಂದು ಅವರ ಅಪ್ಪಣೆ. ನಮ್ಮ ಅಭಿವೃದ್ಧಿ ಬ್ಲಾಕಿಗೂ ಈ ಬ್ಲಾಕಿಗೂ ಹೆಸರಿನ ಹೊರತು ಬೇರೆ ನಂಟಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಇದಕ್ಕೆ ಕಚೇರಿಯಿಂದ ಸಹಾಯಧನವುಂಟೇ ಎಂದು ನಿನ್ನೆಯೇ ಇಬ್ಬರು ನನ್ನನ್ನು ಕೇಳಿದರು!

ಈ ಪ್ರಶ್ನೆ ಏಕೆ ಹುಟ್ಟಿತೆಂಬುದು ಇಲ್ಲಿ ಕುಳಿತಿರುವ ಬಹುಮಂದಿಗೆ ಗೊತ್ತು. ಎರಡು ವರ್ಷದ ಹಿಂದಿನ ಸುಗ್ಗಿಯಲ್ಲಿ ನೆರೆಯ ಒಂದು ಊರಿನಲ್ಲಿ ರಾಗಿ ತೂಕ ನಡೆಯಿತು. ರೈತನ ಕೈಯ ಚೀಟಿಯಲ್ಲಿ ಹದಿನೇಳು ಕ್ವಿಂಟಲ್, ಪುಸ್ತಕದಲ್ಲಿ ಹದಿನಾಲ್ಕು. ಪುಸ್ತಕದ ಆ ಅಂಕಿಯ ಮೇಲೆ ಮಸಿ ದಪ್ಪವಾಗಿ ಕೂತಿತ್ತು. ಚೀಟಿಯನ್ನೇ ತಿದ್ದಿದ್ದಾರೆಂದು ಲೆಕ್ಕ ಬರೆದವನು, ಪುಸ್ತಕವನ್ನೇ ತಿದ್ದಿದ್ದಾರೆಂದು ರೈತ. ಇಬ್ಬರೂ ದಾಯಾದಿಗಳು. ಪಂಚಾಯಿತಿ ಮೂರು ಸಲ ಕೂತಿತು, ನನ್ನನ್ನೂ ಕರೆದರು, ತೀರ್ಮಾನವಾಗಲಿಲ್ಲ. ಮೂರು ಕ್ವಿಂಟಲಿನ ಹಣ ಹೋದದ್ದು ಒಂದು ಕಡೆಯಿರಲಿ. ಮರುವರ್ಷ ಆ ಊರಿನ ಹಲವು ಮನೆಯವರು ಸಂಘವನ್ನು ಬಿಟ್ಟು ದಲ್ಲಾಳಿಗೇ ರಾಗಿ ಹಾಕಿದರು. ಆ ಎರಡು ಮನೆಗಳ ಹೆಂಗಸರು ಈಗಲೂ ಒಂದೇ ನಲ್ಲಿಯಲ್ಲಿ ನೀರು ಹಿಡಿಯುವುದಿಲ್ಲ.

ನಮ್ಮ ಹಿಂದಿನವರಿಗೆ ಬರೆದಿಡಲು ಎರಡು ಬಗೆಯ ಸಾಧನಗಳಿದ್ದವು. ಒಂದು ಕಡತ. ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪು ಮಾಡಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಬೇಡವಾದಾಗ ಒರೆಸಿ ಮತ್ತೆ ಬರೆಯಬಹುದಿತ್ತು. ಇನ್ನೊಂದು ಶಾಸನ, ಕಲ್ಲಿನಲ್ಲೋ ತಾಮ್ರದಲ್ಲೋ ಕೊರೆದದ್ದು. ಸಂಘದ ದಿನವಹಿ ಕಾಗದದ್ದಾದರೂ ಗುಣದಲ್ಲಿ ಕಡತವೇ. ಕಂಪ್ಯೂಟರಿನ ಲೆಕ್ಕದ ಹಾಳೆಯಂತೂ ಕಡತಕ್ಕಿಂತ ಕಡತ, ಒರೆಸಿದ ಕಲೆಯೂ ಉಳಿಯುವುದಿಲ್ಲ. ಬ್ಲಾಕ್‌ಚೈನು ಶಾಸನದ ಜಾತಿಗೆ ಸೇರಿದ್ದು.

ಆದರೆ ಶಾಸನಗಳಲ್ಲಿಯೂ ಕೂಟಶಾಸನಗಳುಂಟು. ಹಳೆಯ ದಾನವೆಂದು ತೋರಿಸಲು ಆಮೇಲೆ ಕೊರೆಸಿದ ಸುಳ್ಳು ತಾಮ್ರಪಟಗಳನ್ನು ವಿದ್ವಾಂಸರು ಹಲವು ಗುರುತಿಸಿದ್ದಾರೆ. ತಾಮ್ರದಲ್ಲಿ ಕೊರೆದ ಮಾತ್ರಕ್ಕೆ ಸುಳ್ಳು ನಿಜವಾಗಲಿಲ್ಲ. ಹಾಗೆಯೇ, ತಕ್ಕಡಿಯಲ್ಲಿ ಮೋಸವಾದರೆ ಬ್ಲಾಕ್‌ಚೈನು ಆ ಮೋಸದ ಅಂಕಿಯನ್ನೇ ಭದ್ರವಾಗಿ ಕಾಪಾಡುತ್ತದೆ. ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆಯಿರಬೇಕು, ತೂಗುವಾಗ ರೈತ ಎದುರಿಗಿರಬೇಕು, ಚೀಟಿಗೆ ಇಬ್ಬರ ರುಜು ಬೀಳಬೇಕು. ಇಷ್ಟು ಆದಮೇಲೆ, ಆ ಸಂಜೆ ಪುಸ್ತಕದಲ್ಲಿ ಇದ್ದದ್ದು ಯಾವ ಅಂಕಿ ಎಂಬ ಒಂದೇ ಪ್ರಶ್ನೆಗೆ ಈ ಹೊಸ ಸಾಧನ ಉತ್ತರ ಕೊಡುತ್ತದೆ. ನೆರೆಯೂರಿನ ಜಗಳದಲ್ಲಿ ಯಾರಲ್ಲಿಯೂ ಇಲ್ಲದಿದ್ದದ್ದು ಆ ಉತ್ತರವೇ.

ಇದರ ಬೇರು ಬಹಳ ಹಳೆಯದಲ್ಲ. ೧೯೯೧ರಲ್ಲಿ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟೊರ್ನೆಟ್ಟ ಎಂಬ ಇಬ್ಬರು ಅಮೆರಿಕದ ಸಂಶೋಧಕರು, ಕಂಪ್ಯೂಟರಿನ ಕಾಗದಪತ್ರಕ್ಕೆ ತಾರೀಕಿನ ಮುದ್ರೆ ಒತ್ತುವ ವಿಧಾನವೊಂದನ್ನು ಪ್ರಕಟಿಸಿದರು. ಪ್ರತಿ ಪತ್ರದಿಂದ ಲೆಕ್ಕಹಾಕಿ ಒಂದು ಸಣ್ಣ ಗುರುತನ್ನು ತೆಗೆಯುವುದು, ಆ ಗುರುತಿನೊಳಗೆ ಹಿಂದಿನ ಪತ್ರದ ಗುರುತನ್ನೂ ಸೇರಿಸುವುದು. ನಡುವಿನ ಒಂದನ್ನು ತಿದ್ದಿದರೆ ಮುಂದಿನವೆಲ್ಲ ತಾಳೆಯಾಗುವುದಿಲ್ಲ. ಅವರು ಕಟ್ಟಿದ ಕಂಪನಿಯು ೧೯೯೫ರಿಂದ ವಾರಕ್ಕೊಮ್ಮೆ ಆ ಗುರುತನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಣ್ಣ ಜಾಹೀರಾತುಗಳ ನಡುವೆ ಅಚ್ಚು ಹಾಕಿಸುತ್ತಿತ್ತು. ಮನೆಮನೆಗೆ ಹೋದ ಪತ್ರಿಕೆಯನ್ನು ಹಿಂದಕ್ಕೆ ತರಿಸಿ ತಿದ್ದುವವರಾರು? ಈ ಪತ್ರಿಕೆಯ ಮಾತನ್ನು ನೆನಪಿಡಿ, ಮುಂದೆ ಇದರಿಂದ ಕೆಲಸವಿದೆ.

೨೦೦೯ರ ಜನವರಿ ೩ರಂದು ಹುಟ್ಟಿದ ಬಿಟ್‌ಕಾಯಿನಿನ ಮೊದಲ ಪುಟದಲ್ಲಿಯೇ ಲಂಡನ್ನಿನ ಪತ್ರಿಕೆಯೊಂದರ ಆ ದಿನದ ತಲೆಬರಹವನ್ನು ಸೇರಿಸಿದ್ದರು. ಹಣದ ಲೆಕ್ಕದ ನಡುವೆ ಸ್ವಂತ ಒಕ್ಕಣೆ ಬರೆಯುವ ಚಾಳಿ ಅಂದಿನಿಂದಲೇ ಬಂದದ್ದು. ೨೦೧೫ರ ಜುಲೈ ೩೦ರಂದು ಆರಂಭವಾದ ಇಥೀರಿಯಮ್ ಎಂಬ ಜಾಲದಲ್ಲಂತೂ ಪ್ರತಿ ವಹಿವಾಟಿಗೂ ‘ಡೇಟಾ’ ಎಂಬ ಒಂದು ಅಂಕಣವುಂಟು. ಅಲ್ಲಿ ಬೇಕಾದದ್ದನ್ನು ಬರೆಯಬಹುದು. ಪ್ರಪಂಚದ ಸಾವಿರಾರು ಕಂಪ್ಯೂಟರುಗಳು ಅದರ ಒಂದೇ ಪ್ರತಿಯನ್ನು ಇಟ್ಟುಕೊಂಡಿರುತ್ತವೆ, ಹನ್ನೆರಡು ಸೆಕೆಂಡಿಗೊಂದರಂತೆ ಹೊಸ ಪುಟ ಸೇರುತ್ತದೆ. ಇದಕ್ಕೆ ವಿದ್ಯುತ್ತು ವಿಪರೀತ ಬೇಕೆಂಬ ದೂರು ತಮ್ಮ ಕಿವಿಗೂ ಬಿದ್ದಿರಬಹುದು. ಇಥೀರಿಯಮ್ ಮಟ್ಟಿಗೆ ೨೦೨೨ರ ಸೆಪ್ಟೆಂಬರ್ ೧೫ರಂದು ಪದ್ಧತಿ ಬದಲಾಗಿ ಆ ಖರ್ಚು ಶೇಕಡ ೯೯ಕ್ಕಿಂತ ಹೆಚ್ಚು ಇಳಿಯಿತು. ನಮ್ಮ ನಾಡಿಗೂ ಈ ವಿದ್ಯೆ ತೀರ ಹೊಸದಲ್ಲ. ಬೆಂಗಳೂರಿನಲ್ಲಿ ಕಚೇರಿಯಿರುವ ಕಾಫಿ ಮಂಡಳಿಯು ೨೦೧೯ರ ಮಾರ್ಚ್‌ನಲ್ಲಿ ಬ್ಲಾಕ್‌ಚೈನ್ ಆಧಾರದ ಕಾಫಿ ಮಾರುಕಟ್ಟೆಯೊಂದನ್ನು ಪ್ರಯೋಗವಾಗಿ ಆರಂಭಿಸಿತ್ತು.

ಈಗ ಯುವಕ ಮಂಡಲದವರು ಸ್ವಲ್ಪ ಮುಂದೆ ಬಂದು ಕೂರಬೇಕು.

ಜಾಲದೊಡನೆ ಮಾತಾಡಲು ಪ್ರೋಗ್ರಾಮನ್ನು ಮೊದಲಿನಿಂದ ಬರೆಯಬೇಕಾಗಿಲ್ಲ. ರಾಗಿ ಬಿತ್ತುವಾಗ ಪ್ರತಿವರ್ಷ ನಾವು ಕೂರಿಗೆ ಕೆತ್ತುತ್ತೇವೆಯೇ? ಬಡಗಿ ಮಾಡಿಟ್ಟದ್ದನ್ನು ತಂದು ಹೂಡುತ್ತೇವೆ. ಕೋಡ್ ಲೈಬ್ರರಿ ಎಂಬುದೂ ಹಾಗೆ ಬಲ್ಲವರು ಮಾಡಿಟ್ಟ ಸಲಕರಣೆ. ಇಥೀರಿಯಮ್‌ಗೆ ರಿಚರ್ಡ್ ಮೂರ್ ಎಂಬುವರು ಆರಂಭಿಸಿದ ‘ಈಥರ್ಸ್’ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಇದೆ, ಪೈಥಾನ್ ಕಲಿತವರಿಗೆ ‘ವೆಬ್ ತ್ರೀ ಪೈ’ ಇದೆ. ಎರಡೂ ಪುಕ್ಕಟೆ. ಹಳೆಯ ಪಾಠಗಳಲ್ಲಿ ಹೆಚ್ಚಾಗಿ ಕಾಣುವ ‘ವೆಬ್ ತ್ರೀ ಜೆಎಸ್’ ಎಂಬುದರ ಪಾಲನೆ ೨೦೨೫ರ ಮಾರ್ಚ್‌ನಲ್ಲಿ ನಿಂತುಹೋಯಿತು, ಅದನ್ನು ಹೊಸದಾಗಿ ಹಿಡಿಯಬೇಡಿ. ಈಥರ್ಸ್‌ನಲ್ಲಿಯೂ ಐದನೆಯ ಆವೃತ್ತಿಗೂ ೨೦೨೩ರ ಆರನೆಯದಕ್ಕೂ ಹೆಸರುಗಳು ಬೇರೆ. ಪಾಠ ಐದರದು, ಸಲಕರಣೆ ಆರರದು ಆದರೆ ಮೊದಲ ಸಾಲಿಗೇ ತಕರಾರು ಬರುತ್ತದೆ. ಹುಡುಗರು ತಮಗೇ ಬುದ್ಧಿ ಸಾಲದೆಂದು ಎದ್ದುಹೋಗುತ್ತಾರೆ.

ಕಳಿಸುವುದೇನನ್ನು? ದಿನವಹಿಯನ್ನೇ ಕಳಿಸಬಾರದು. ಇದನ್ನು ಒತ್ತಿ ಹೇಳುತ್ತೇನೆ. ರೈತನ ಹೆಸರು, ಫೋನು, ಆಧಾರ್ ಸಂಖ್ಯೆ, ಸರ್ವೆ ನಂಬರು ಯಾವುದೂ ಅಲ್ಲಿಗೆ ಹೋಗಕೂಡದು. ಅಲ್ಲಿ ಬರೆದದ್ದನ್ನು ಪ್ರಪಂಚವೆಲ್ಲ ಓದಬಹುದು, ಅಳಿಸಲು ಮಾತ್ರ ಯಾರಿಂದಲೂ ಆಗದು. ತನ್ನ ವಿವರ ಅಳಿಸಿಕೊಳ್ಳುವ ಹಕ್ಕನ್ನು ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಪ್ರಜೆಗೆ ಕೊಟ್ಟಿದೆ; ಅಳಿಸಲಾಗದ ಕಡೆ ಬರೆದು ಆಮೇಲೆ ಏನು ಉತ್ತರ ಹೇಳುವುದು? ದಿನವಹಿಯ ಕಡತ ಸಂಘದ ಕಂಪ್ಯೂಟರಿನಲ್ಲೇ ಇರಲಿ. ಅದರ ಹೆಬ್ಬೆಟ್ಟಿನ ಗುರುತು ಮಾತ್ರ ಹೋಗಲಿ. ಈ ಗುರುತಿಗೆ ‘ಹ್ಯಾಷ್’ ಎನ್ನುತ್ತಾರೆ. ಎಷ್ಟೇ ಪುಟದ ಲೆಕ್ಕವಿರಲಿ, ಶಾ-೨೫೬ ಎಂಬ ಕ್ರಮದಿಂದ ತೆಗೆದ ಗುರುತು ಮೂವತ್ತೆರಡು ಬೈಟ್ ಮಾತ್ರ. ಹದಿನೇಳನ್ನು ಹದಿನಾಲ್ಕು ಮಾಡಿದರೆ ಗುರುತು ಗುರುತೇ ಸಿಗದಷ್ಟು ಬದಲಾಗುತ್ತದೆ. ಗುರುತಿನಿಂದ ಲೆಕ್ಕವನ್ನು ಹಿಂದಕ್ಕೆ ಬಿಡಿಸಲು ಬಾರದು.

ಬಾರದು ಎಂದೆ, ಆದರೆ ಊಹಿಸಬಹುದು. ‘ಇಂಥವರು, ಇಷ್ಟು ಕ್ವಿಂಟಲ್’ ಎಂಬ ಒಂದೇ ಸಾಲಿನ ಗುರುತಾದರೆ, ಊರಿನ ಹೆಸರುಗಳನ್ನೂ ನೂರು ಅಂಕಿಗಳನ್ನೂ ಒಂದೊಂದಾಗಿ ಹಾಕಿನೋಡಿ ತಾಳೆ ಬರುವುದನ್ನು ಕಂಡುಹಿಡಿಯಬಹುದು. ಕಂಪ್ಯೂಟರಿಗೆ ಅದು ಕ್ಷಣದ ಕೆಲಸ. ಅದಕ್ಕಾಗಿ ಪ್ರತಿ ಕಡತದ ತಲೆಯಲ್ಲಿ ಅರ್ಥವಿಲ್ಲದ ಉದ್ದನೆಯ ಅಂಕಿಯೊಂದನ್ನು ಸೇರಿಸಿ ಸಂಘದಲ್ಲೇ ಗುಟ್ಟಾಗಿಟ್ಟುಕೊಳ್ಳಬೇಕು. ಪ್ರೋಗ್ರಾಮಿನವರು ಇದನ್ನು ಉಪ್ಪು ಎಂದೇ ಕರೆಯುತ್ತಾರೆ! ಅದರ ಕೆಳಗೆ ನಿನ್ನೆಯ ಗುರುತನ್ನೂ ಬರೆಯಿರಿ. ಆಗ ಯಾರಾದರೂ ನಡುವಿನ ಒಂದು ದಿನದ ಪುಟವನ್ನೇ ಹಾರಿಸಿದರೂ ಸಿಕ್ಕಿಬೀಳುತ್ತಾರೆ.

ಕನ್ನಡದಲ್ಲಿ ಲೆಕ್ಕವಿಡುವ ನಮಗೆ ಒಂದು ಸೂಕ್ಷ್ಮವಿದೆ, ಇಂಗ್ಲಿಷ್ ಪಾಠಗಳಲ್ಲಿ ಅದು ಸಿಗುವುದಿಲ್ಲ. ‘ಕೊ’ ಎಂಬ ಅಕ್ಷರದ ಒತ್ವವನ್ನು ಕಂಪ್ಯೂಟರಿನಲ್ಲಿ ಒಂದೇ ಚಿಹ್ನೆಯಾಗಿಯೂ ಇಡಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎಂದು ಎರಡು ಚಿಹ್ನೆಯಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಹ್ಯಾಷ್‌ಗೆ ಎರಡೂ ಬೇರೆ. ಒಬ್ಬನ ಫೋನಿನಲ್ಲಿ ಒತ್ತಿದ ‘ಕೊಬ್ಬರಿ’ ಇನ್ನೊಬ್ಬನ ಕಂಪ್ಯೂಟರಿನ ‘ಕೊಬ್ಬರಿ’ಗೆ ತಾಳೆಯಾಗದೆ ಹೋದರೆ, ಏನೂ ಮೋಸವಿಲ್ಲದ ಕಡೆ ಮೋಸದ ಕೂಗು ಏಳುತ್ತದೆ. ಅಕ್ಷರಗಳನ್ನು ಬೈಟ್ ಮಾಡುವ ‘ಟು ಯುಟಿಎಫ್ ೮ ಬೈಟ್ಸ್’ ಎಂಬ ಆಜ್ಞೆಗೆ ಎರಡನೆಯ ಮಾತಾಗಿ ‘ಎನ್ಎಫ್‌ಸಿ’ ಎಂದು ಕೊಟ್ಟರೆ ಎಲ್ಲವೂ ಒಂದೇ ರೂಪಕ್ಕೆ ಬರುತ್ತವೆ. ಸಾಲಿನ ಕೊನೆಯ ಖಾಲಿ ಜಾಗವೂ ಲೆಕ್ಕಕ್ಕೆ ಸೇರುತ್ತದೆಂಬುದನ್ನು ಮರೆಯಬಾರದು. ಮುದ್ರೆ ಬಿದ್ದ ಕಡತವನ್ನು ತೆರೆದು ಮತ್ತೆ ಉಳಿಸುವ ಗೋಜೇ ಬೇಡ, ಪ್ರತಿ ತೆಗೆದು ಬೀಗದೊಳಗಿಡಿ.

ಇನ್ನು ಕಳಿಸುವ ಬಗೆ. ಮೊದಲು ಜಾಲದ ಒಂದು ಕಂಪ್ಯೂಟರಿನ ವಿಳಾಸವನ್ನು ‘ಜೆಸನ್ ಆರ್‌ಪಿಸಿ ಪ್ರೊವೈಡರ್’ ಎಂಬುದಕ್ಕೆ ಕೊಡಬೇಕು, ಇದು ನಮ್ಮ ಅಂಚೆಪೆಟ್ಟಿಗೆ. ಆಮೇಲೆ ಗುಟ್ಟಿನ ಕೀಲಿಯಿಂದ ‘ವಾಲೆಟ್’ ಮಾಡಬೇಕು, ಇದು ನಮ್ಮ ರುಜು. ಅನಂತರ ‘ಸೆಂಡ್ ಟ್ರಾನ್ಸಾಕ್ಷನ್’ ಎಂಬ ಆಜ್ಞೆಗೆ ಮೂರು ವಿಷಯ ತಿಳಿಸಬೇಕು: ಯಾರಿಗೆ, ಎಷ್ಟು ಹಣ, ಏನು ಒಕ್ಕಣೆ. ಯಾರಿಗೆ ಎಂಬಲ್ಲಿ ಸಂಘದ ವಿಳಾಸವನ್ನೇ ಹಾಕಿ, ಹಣಕ್ಕೆ ಸೊನ್ನೆ ಹಾಕಿ, ಡೇಟಾ ಎಂಬಲ್ಲಿ ಆ ದಿನದ ಗುರುತನ್ನು ಹಾಕಿ. ತನಗೆ ತಾನೇ ರಿಜಿಸ್ಟರ್ ಕಾಗದ ಹಾಕಿಕೊಂಡು, ಅಂಚೆಯ ಮುದ್ರೆಗಾಗಿ ಒಡೆಯದೆ ಇಟ್ಟುಕೊಳ್ಳುತ್ತಿದ್ದವರನ್ನು ಹಿರಿಯರು ಕಂಡಿರಬಹುದು, ಇದು ಅದೇ.

ಉಳಿದ ಅಂಕಣಗಳನ್ನು ಲೈಬ್ರರಿ ತಾನೇ ತುಂಬುತ್ತದೆ. ಅವುಗಳಲ್ಲಿ ‘ನಾನ್ಸ್’ ಎಂಬ ಕ್ರಮಸಂಖ್ಯೆಯನ್ನು ಮಾತ್ರ ತಿಳಿದಿರಬೇಕು. ಚೆಕ್ ಪುಸ್ತಕದ ನಂಬರಿನ ಹಾಗೆ ಅದು ಸೊನ್ನೆಯಿಂದ ಒಂದೊಂದೇ ಏರುತ್ತದೆ. ಏಳನೆಯ ವಹಿವಾಟು ಕಡಿಮೆ ಶುಲ್ಕದಿಂದ ನಿಂತುಬಿಟ್ಟರೆ ಎಂಟು, ಒಂಬತ್ತು ಎಲ್ಲವೂ ಓಣಿಯಲ್ಲಿ ಸಿಕ್ಕಿದ ಗಾಡಿಗಳಂತೆ ಹಿಂದೆ ನಿಲ್ಲುತ್ತವೆ. ಅದೇ ಏಳರ ನಂಬರಿನಲ್ಲಿ ಹೆಚ್ಚಿನ ಶುಲ್ಕ ಕಟ್ಟಿ ಮತ್ತೆ ಕಳಿಸಿದರೆ ದಾರಿ ಬಿಡುತ್ತದೆ. ಗಾಬರಿಯಿಂದ ಹೊಸ ನಂಬರಿನಲ್ಲಿ ಹತ್ತು ಸಲ ಕಳಿಸುವುದು ವ್ಯರ್ಥ.

ಕಳಿಸಿದ ಕೂಡಲೇ ಅರವತ್ತಾರು ಅಕ್ಷರದ ಒಂದು ರಸೀತಿ ಸಂಖ್ಯೆ ಬರುತ್ತದೆ. ಬಂದದ್ದೇ ಕೆಲಸವಾಯಿತೆಂದು ತಿಳಿಯಬಾರದು. ಅದು ಅಂಚೆಪೆಟ್ಟಿಗೆಗೆ ಬಿದ್ದ ಸದ್ದು ಮಾತ್ರ. ‘ವೇಟ್’ ಎಂಬ ಆಜ್ಞೆ ಕೊಟ್ಟರೆ ಪುಟಕ್ಕೆ ಸೇರಿದ ಮೇಲೆ ಪಾವತಿ ಬರುತ್ತದೆ. ಪುಟವು ಇನ್ನು ಬದಲಾಗದಂತೆ ಗಟ್ಟಿಯಾಗಲು ಸಾಮಾನ್ಯವಾಗಿ ಹದಿಮೂರು ನಿಮಿಷದಷ್ಟು ಬೇಕು. ಅಷ್ಟು ಹೊತ್ತು ಕಾದು, ರಸೀತಿ ಸಂಖ್ಯೆಯನ್ನು ಕಾಗದದ ದಿನವಹಿಯ ಅಂಚಿನಲ್ಲಿ ಬರೆದುಬಿಡಿ. ಬರೆಯದೆ ಬಿಟ್ಟರೆ ಹುಡುಕುವುದು ಕಷ್ಟ. ‘ಈ ವಿಳಾಸದವರು ಕಳಿಸಿದ್ದನ್ನೆಲ್ಲ ಕೊಡು’ ಎಂದರೆ ಜಾಲದ ಸಾಮಾನ್ಯ ಕಂಪ್ಯೂಟರು ಕೊಡುವುದಿಲ್ಲ, ರಸೀತಿ ಸಂಖ್ಯೆ ಹೇಳಿದರೆ ಕೊಡುತ್ತದೆ.

ಓದುವುದು ಇದಕ್ಕಿಂತ ಸುಲಭ. ಅದಕ್ಕೆ ಕೀಲಿಯೂ ಬೇಡ, ಜಾಲಕ್ಕೆ ಶುಲ್ಕವೂ ಬೇಡ. ಯಾವ ರೈತನ ಮಗಳಾದರೂ ತನ್ನ ಮನೆಯಲ್ಲಿ ಕುಳಿತು ಓದಬಹುದು. ‘ಗೆಟ್ ಟ್ರಾನ್ಸಾಕ್ಷನ್’ ಎಂದು ರಸೀತಿ ಸಂಖ್ಯೆ ಕೊಟ್ಟರೆ ವಹಿವಾಟು ಬರುತ್ತದೆ. ಅದರಲ್ಲಿ ಮೊದಲು ನೋಡಬೇಕಾದದ್ದು ಯಾರಿಂದ ಬಂತೆಂಬುದನ್ನು. ಸಂಘದ ವಿಳಾಸಕ್ಕೆ ಯಾರು ಬೇಕಾದರೂ ಏನು ಬೇಕಾದರೂ ಕಳಿಸಬಹುದು, ಅದನ್ನು ತಡೆಯಲು ಬಾರದು. ಆದುದರಿಂದ ‘ಯಾರಿಗೆ’ ಎಂಬಲ್ಲಿ ಸಂಘದ ಹೆಸರಿದೆಯೆಂದು ನಂಬಕೂಡದು. ‘ಯಾರಿಂದ’ ಎಂಬಲ್ಲಿ ಇರಬೇಕು. ಎರಡನೆಯದು ತಾರೀಕು. ಅದು ವಹಿವಾಟಿನಲ್ಲಿಲ್ಲ, ಪುಟದಲ್ಲಿದೆ. ೧೯೭೦ರ ಜನವರಿ ೧ರಿಂದ ಎಷ್ಟು ಸೆಕೆಂಡು ಕಳೆಯಿತೆಂದು ಬರೆದಿರುತ್ತದೆ. ಗ್ರೀನಿಚ್ ಗಂಟೆಯಾದ್ದರಿಂದ ಐದೂವರೆ ಗಂಟೆ ಕೂಡಿದರೆ ನಮ್ಮ ಗಂಟೆ. ಮೂರನೆಯದಾಗಿ, ಸಂಘದಲ್ಲಿರುವ ಕಡತದಿಂದ ಹೊಸದಾಗಿ ಗುರುತು ತೆಗೆದು, ಡೇಟಾದಲ್ಲಿರುವುದಕ್ಕೆ ಒಪ್ಪುತ್ತದೆಯೇ ಎಂದು ನೋಡುವುದು.

ಖರ್ಚಿನ ಮಾತು. ವಹಿವಾಟಿನ ಶ್ರಮವನ್ನು ಅಲ್ಲಿ ‘ಗ್ಯಾಸ್’ ಎಂಬ ಮಾನದಲ್ಲಿ ಅಳೆಯುತ್ತಾರೆ. ಅಡುಗೆ ಗ್ಯಾಸಿಗೂ ಇದಕ್ಕೂ ಸಂಬಂಧವಿಲ್ಲ. ಮೂಲ ೨೧,೦೦೦. ಒಕ್ಕಣೆ ಮಾತ್ರವಿರುವ ಇಂಥ ವಹಿವಾಟಿನಲ್ಲಿ ೨೦೨೫ರ ಮೇ ತಿಂಗಳ ಬದಲಾವಣೆಯ ಮೇಲೆ ಸೊನ್ನೆಯಲ್ಲದ ಒಂದೊಂದು ಬೈಟಿಗೆ ೪೦. ನಮ್ಮ ಮೂವತ್ತೆರಡು ಬೈಟಿಗೆ ಹೆಚ್ಚೆಂದರೆ ೧,೨೮೦, ಒಟ್ಟು ೨೨,೨೮೦. ಇದನ್ನು ಆ ಹೊತ್ತಿನ ದರದಿಂದ ಗುಣಿಸಬೇಕು, ದರ ಸಂತೆಯ ಟೊಮೇಟೊದಂತೆ ಏರಿಳಿಯುತ್ತದೆ. ಒಕ್ಕಣೆಯನ್ನೇ ಕನ್ನಡದಲ್ಲಿ ಬರೆದು ಕಳಿಸಿದರೆ ಖರ್ಚು ಬೇಗ ಬೆಳೆಯುತ್ತದೆಂಬುದನ್ನೂ ನೋಡಿ: ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್. ‘ರಾಗಿ’ ಎಂಬ ಎರಡಕ್ಷರದ ಮಾತಿನಲ್ಲಿ ದೀರ್ಘವೂ ಗುಡಿಸೂ ಸೇರಿ ನಾಲ್ಕು ಚಿಹ್ನೆ, ಹನ್ನೆರಡು ಬೈಟ್. ಗುರುತನ್ನು ಮಾತ್ರ ಕಳಿಸಲು ಇದೂ ಒಂದು ಕಾರಣ.

ಕಲಿಯುವಾಗ ಒಂದು ಪೈಸೆಯೂ ಬೇಡ. ‘ಸೆಪೋಲಿಯ’ ಎಂಬ ಅಭ್ಯಾಸದ ಜಾಲವುಂಟು, ಅಲ್ಲಿಯ ನಾಣ್ಯಕ್ಕೆ ಬೆಲೆಯಿಲ್ಲ, ಕೇಳಿದರೆ ಕೊಡುತ್ತಾರೆ. ಆದರೆ ಅಭ್ಯಾಸದ ಜಾಲಗಳು ಶಾಶ್ವತವಲ್ಲ. ರೋಪ್ಸ್ಟನ್ ಎಂಬುದು ೨೦೨೨ರಲ್ಲಿ ಮುಚ್ಚಿತು, ಗೋರ್ಲಿ ಎಂಬುದು ೨೦೨೪ರಲ್ಲಿ. ಹತ್ತು ವರ್ಷ ಉಳಿಯಬೇಕಾದ ಲೆಕ್ಕವನ್ನು ಅಲ್ಲಿಟ್ಟರೆ ಮರಳಿನಲ್ಲಿ ಬರೆದ ಹಾಗೆ.

ಮುಖ್ಯ ಜಾಲಕ್ಕೆ ಹೋಗಬೇಕಾದರೆ ಅಲ್ಲಿಯ ನಾಣ್ಯ ಸ್ವಲ್ಪ ಕೊಳ್ಳಬೇಕಾಗುತ್ತದೆ. ಇಲ್ಲಿ ನನ್ನ ಭಯವಿದೆ. ಹಣ ಹಾಕಿ, ಮೂರು ತಿಂಗಳಿಗೆ ಇಮ್ಮಡಿ ಎಂದು ಕಾಯಿನಿನ ಹೆಸರಿನಲ್ಲಿ ಹಳ್ಳಿಹಳ್ಳಿ ತಿರುಗುವವರಿದ್ದಾರೆ. ಈ ಕೆಲಸಕ್ಕೂ ಅವರಿಗೂ ಯಾವ ಸಂಬಂಧವೂ ಇಲ್ಲ. ಗ್ರಾಮಸೇವಕರೇ ಹೇಳಿದ್ದಾರೆ ಎಂದು ಯಾರಾದರೂ ಬಂದರೆ ನನ್ನನ್ನು ಕರೆಸಿ ಎದುರಿಗೆ ನಿಲ್ಲಿಸಿ. ಇಂಥ ನಾಣ್ಯದ ಲಾಭಕ್ಕೆ ೨೦೨೨ರ ಏಪ್ರಿಲಿನಿಂದ ಶೇಕಡ ೩೦ರ ತೆರಿಗೆಯನ್ನೂ ಸರ್ಕಾರ ಹಾಕಿದೆ.

ಈ ಕಾರಣದಿಂದ ನನ್ನ ಸಲಹೆ ಹೀಗಿದೆ. ಮುಖ್ಯ ಜಾಲಕ್ಕೆ ಅವಸರಪಡುವುದು ಬೇಡ. ಈ ಸುಗ್ಗಿಯಲ್ಲಿ ಪ್ರತಿ ಸಂಜೆಯ ಗುರುತನ್ನು ಸೆಪೋಲಿಯದಲ್ಲಿ ಕಳಿಸಿ ಕೈ ಪಳಗಿಸಿಕೊಳ್ಳೋಣ. ಜೊತೆಗೆ ತಿಂಗಳ ಕೊನೆಯ ದಿನದ ಗುರುತನ್ನು ನಮ್ಮ ಬ್ಲಾಕ್ ಪತ್ರಿಕೆಯಲ್ಲಿ ಒಂದು ಸಾಲು ಅಚ್ಚು ಹಾಕಿಸೋಣ, ಸಂಪಾದಕರು ಜಾಗ ಕೊಡಲು ಒಪ್ಪಿದ್ದಾರೆ. ಪ್ರತಿ ದಿನದ ಕಡತದಲ್ಲಿ ಹಿಂದಿನ ದಿನದ ಗುರುತಿರುವುದರಿಂದ ಆ ಒಂದು ಸಾಲು ಇಡೀ ತಿಂಗಳ ಲೆಕ್ಕಕ್ಕೆ ಬೀಗ ಹಾಕುತ್ತದೆ. ಪತ್ರಿಕೆ ಎಲ್ಲ ಪಂಚಾಯಿತಿಗಳಿಗೂ ಅರಿವು ಕೇಂದ್ರಗಳಿಗೂ ಹೋಗುತ್ತದೆ. ನ್ಯೂಯಾರ್ಕಿನ ಪತ್ರಿಕೆ ಮಾಡಿದ ಕೆಲಸವನ್ನು ನಮ್ಮ ನಾಲ್ಕು ಪುಟದ್ದೂ ಮಾಡಬಲ್ಲದು. ಒಂದು ಸುಗ್ಗಿ ಕಳೆದ ಮೇಲೆ ಮುಖ್ಯ ಜಾಲ ಬೇಕೋ ಬೇಡವೋ ಸರ್ವಸದಸ್ಯರ ಸಭೆ ನಿರ್ಧರಿಸಲಿ. ಬೇಡವೆಂದರೂ ನನಗೆ ಬೇಸರವಿಲ್ಲ.

ನ್ಯಾಯಾಲಯದ ಮಾತು ಒಬ್ಬ ಹಿರಿಯರು ಎತ್ತಿದರು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ವಿದ್ಯುನ್ಮಾನ ದಾಖಲೆಯೊಡನೆ ಕೊಡುವ ಪ್ರಮಾಣಪತ್ರಕ್ಕೆ ನಮೂನೆಯಿದೆ. ಆ ನಮೂನೆಯಲ್ಲಿ ಹ್ಯಾಷ್ ಬರೆಯುವ ಅಂಕಣವೂ ಇದೆ, ಶಾ-೨೫೬ರ ಹೆಸರೂ ಇದೆ. ನಾನು ಆ ಕ್ರಮವನ್ನೇ ಹೇಳಿದ್ದು ಇದಕ್ಕಾಗಿ. ಆದರೆ ಮುದ್ರೆಯೊಂದೇ ಮೊಕದ್ದಮೆ ಗೆಲ್ಲಿಸುತ್ತದೆಂದು ಭಾವಿಸದೆ ವಕೀಲರನ್ನು ಕೇಳಿ.

ಕೀಲಿ ಯಾರ ಹತ್ತಿರ ಇರಬೇಕೆಂಬುದು ಉಳಿಯಿತು. ಅರವತ್ತನಾಲ್ಕು ಅಕ್ಷರದ ಆ ಗುಟ್ಟನ್ನು ಕಳೆದುಕೊಂಡರೆ ಹೊಸದು ಕೊಡುವ ಕಚೇರಿಯಿಲ್ಲ, ಕದ್ದವನು ಸಂಘದ ಹೆಸರಿನಲ್ಲಿ ರುಜು ಹಾಕುತ್ತಾನೆ. ಅದನ್ನು ಪ್ರೋಗ್ರಾಮಿನ ಸಾಲಿನಲ್ಲಿ ಬರೆಯಬಾರದು, ವಾಟ್ಸಾಪಿನಲ್ಲಿ ಕಳಿಸಬಾರದು, ಫೋಟೊ ತೆಗೆಯಬಾರದು. ಕಾಗದದಲ್ಲಿ ಬರೆದ ಎರಡು ಪ್ರತಿಗಳು ಎರಡು ಬೀಗದೊಳಗಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ದಿನವಹಿ ಬರೆಯುವವರ ಕೈಯಲ್ಲಿ ಕೀಲಿ ಇರಕೂಡದು. ಲೆಕ್ಕ ಬರೆಯುವವರು ಸಂಘದ ಗುಮಾಸ್ತರು; ಮುದ್ರೆ ಒತ್ತುವವರು ಮಹಿಳಾ ಸಮಾಜದ ಕಾರ್ಯದರ್ಶಿಯವರಾಗಲಿ ಎಂದು ನಾನು ಸೂಚಿಸುತ್ತೇನೆ. ಅವರು ಸ್ವಸಹಾಯ ಗುಂಪಿನ ಪುಸ್ತಕವನ್ನು ಒಂದು ಕಾಟೂ ಇಲ್ಲದೆ ಬರೆದುಕೊಂಡು ಬಂದದ್ದನ್ನು ಎಲ್ಲರೂ ನೋಡಿದ್ದೀರಿ. ಈ ಮಾತಿಗೆ ಹಿಂದಿನ ಸಾಲಿನಲ್ಲಿ ಗುಜುಗುಜು ಕೇಳಿಸುತ್ತಿದೆ. ಆಕ್ಷೇಪವಿರುವವರು ಸಭೆಯಲ್ಲೇ ಹೇಳಲಿ, ಕಟ್ಟೆಯ ಮೇಲೆ ಬೇಡ.

ಬರುವ ಗುರುವಾರ ಸಂಜೆ ಐದು ಗಂಟೆಗೆ ಅರಿವು ಕೇಂದ್ರದ ಕಂಪ್ಯೂಟರಿನಲ್ಲಿ ಮೊದಲ ವಹಿವಾಟನ್ನು ಎಲ್ಲರ ಎದುರಿಗೆ ಕಳಿಸಿ, ಓದಿ ತೋರಿಸಲಾಗುವುದು. ಯುವಕ ಮಂಡಲದಿಂದ ಪ್ರೋಗ್ರಾಮ್ ಬಲ್ಲ ಇಬ್ಬರು, ಸಂಘದಿಂದ ಗುಮಾಸ್ತರು ತಪ್ಪದೆ ಬರಬೇಕು. ಹೋದ ತಿಂಗಳ ದಿನವಹಿಯ ಒಂದು ಪುಟವನ್ನು ಹೆಸರುಗಳನ್ನು ಮುಚ್ಚಿ ನಕಲು ಮಾಡಿ ತನ್ನಿ. ಅದರಲ್ಲಿ ಒಂದು ಅಂಕಿಯನ್ನು ಯಾರಾದರೂ ಗುಟ್ಟಾಗಿ ತಿದ್ದಿಡಲಿ. ತಿದ್ದಿದ್ದು ಸಿಕ್ಕಿಬೀಳುತ್ತದೆಯೋ ಇಲ್ಲವೋ ಅಲ್ಲೇ ನೋಡೋಣ.